ಮಹಿಳೆಯರ ಹಾರ್ಮೋನು ಆರೋಗ್ಯ ಹಾಗೂ ಗರ್ಭಚೀಲದ ಶಸ್ತ್ರಚಿಕಿತ್ಸೆ: ಸಾರ್ವಜನಿಕರ ಮಾಹಿತಿಗಾಗಿ

ಅಂಡಾಶಯಗಳು ಸ್ರವಿಸುವ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳು ಮುಟ್ಟು, ಗರ್ಭಧಾರಣೆ, ಮೂಳೆಗಳ ಬಲ, ನಿದ್ರೆ ಹಾಗೂ ಮನಃಸ್ಥಿತಿಯ ಮೇಲೆ ಪ್ರಭಾವ ಬೀರುತ್ತವೆ.

ಹದಿಹರೆಯ: ಮೊದಲ ಕೆಲವು ವರ್ಷಗಳಲ್ಲಿ ಮುಟ್ಟು ಅನಿಯಮಿತವಾಗಿರಬಹುದು.

ಬಾಣಂತನ: ಹೆರಿಗೆಯ ನಂತರದ ಅಳು, ಬೇಸರ ಸಾಮಾನ್ಯವಾಗಿ 2 ವಾರಗಳಲ್ಲಿ ಶಮನಗೊಳ್ಳುತ್ತವೆ. ಮುಂದುವರಿದಲ್ಲಿ ಅದು ಖಿನ್ನತೆಯಾಗಿರಬಹುದು, ಚಿಕಿತ್ಸೆ ಅಗತ್ಯ.

ಮುಟ್ಟು ನಿಲ್ಲುವ ಕಾಲ: ಸಾಮಾನ್ಯವಾಗಿ 45ರಿಂದ 55 ವರ್ಷ. ಮೈ ಬಿಸಿಯೇರುವುದು, ಬೆವರು, ನಿದ್ರಾಹೀನತೆ, ಸಿಡುಕು ಕಂಡುಬರಬಹುದು. ಮುಟ್ಟು ನಿಂತು 12 ತಿಂಗಳಾದ ಮೇಲೆ ರಕ್ತಸ್ರಾವವಾದಲ್ಲಿ ತಪಾಸಣೆ ಕಡ್ಡಾಯ.

ವಿಶೇಷ ಸೂಚನೆ: ಕಲಬುರಗಿ ಜಿಲ್ಲೆಯ ಗ್ರಾಮ ಹಾಗೂ ತಾಂಡಾಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಚೀಲ ತೆಗೆದ ಪ್ರಕರಣಗಳು 2015ರಲ್ಲಿ ತನಿಖೆಗೆ ಒಳಪಟ್ಟವು. ಅಂಡಾಶಯಗಳನ್ನೂ ತೆಗೆದಲ್ಲಿ ಹಾರ್ಮೋನುಗಳು ಹಠಾತ್ತನೆ ಕುಸಿಯುತ್ತವೆ. ಚಿಕ್ಕ ವಯಸ್ಸಿನಲ್ಲಿ ಹೀಗಾದರೆ ಮೂಳೆ ಸವೆತ, ಹೃದ್ರೋಗ ಹಾಗೂ ಖಿನ್ನತೆಯ ಸಂಭವ ಹೆಚ್ಚು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ.

ಬಿಳಿಸೆರಗು, ಸೊಂಟನೋವು ಮಾತ್ರವೇ ಗರ್ಭಚೀಲ ತೆಗೆಸಲು ಕಾರಣವಲ್ಲ; ಬಹುಪಾಲು ಔಷಧದಿಂದ ಗುಣವಾಗುತ್ತವೆ. ಜೇವರ್ಗಿ, ಆಳಂದ, ಅಫಜಲಪುರ ತಾಲ್ಲೂಕುಗಳ ಮಹಿಳೆಯರು ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೇ ಅಭಿಪ್ರಾಯ ಪಡೆಯಲು ಕೋರಲಾಗಿದೆ. ಮಾನಸಿಕ ನೆರವಿಗೆ ಟೆಲಿ ಮನಸ್ ಉಚಿತ ಸಹಾಯವಾಣಿ: 14416.