ಹುಣಿಸೆಯ ಮರ, ಹೆಜ್ಜಾರ್ಲೆಯ ತವರು

ಪುಣೆ–ಅಹಮದನಗರ ಹೆದ್ದಾರಿಯ ರಾಂಜಣಗಾಂವ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯಿಂದಲೂ ಕೈಗಾರಿಕಾ ವಸಾಹತಿನಿಂದಲೂ ಹೆಸರಾದ ಊರು. ಅದೇ ಶಿರೂರು ತಾಲ್ಲೂಕಿನಲ್ಲಿ ಮೋರಾಚಿ ಚಿಂಚೋಳಿ ಎಂಬ ಹಳ್ಳಿಯಿದೆ. ಮರಾಠಿಯಲ್ಲಿ ಮೋರ ಎಂದರೆ ನವಿಲು, ಚಿಂಚ ಎಂದರೆ ಹುಣಿಸೆ. (ಕಲಬುರಗಿ ಜಿಲ್ಲೆಯ ಚಿಂಚೋಳಿ ನಮಗೆ ನೆನಪಾಗುವುದು ಸಹಜ.) ಪೇಶ್ವೆಯರ ಕಾಲದಲ್ಲಿ ಹುಣಿಸೆಯ ತೋಪು ಬೆಳೆಯಿತು, ನೆರಳು ಹುಡುಕಿ ನವಿಲು ಬಂದವು ಎಂಬುದು ಊರವರ ಹೇಳಿಕೆ. ಇಂದಿಗೂ ಅವು ಮನೆಗಳ ಆಸುಪಾಸಿನಲ್ಲಿ ಅಳುಕಿಲ್ಲದೆ ಅಡ್ಡಾಡುತ್ತವೆ.

ಹುಣಿಸೆ, ಹಕ್ಕಿ, ಊರು ಈ ಮೂರೂ ಒಂದೆಡೆ ಸೇರಿದಾಗ ಕನ್ನಡಿಗನ ಮನಸ್ಸು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗದೆ ಇರದು. ಚಳಿ ಕಾಲಿಡುವ ಹೊತ್ತಿಗೆ ಹೆಜ್ಜಾರ್ಲೆಗಳೂ, ಅವುಗಳ ಹಿಂದೆಯೇ ಬಣ್ಣದ ಕೊಕ್ಕರೆಗಳೂ ಅಲ್ಲಿಗೆ ಬಂದು, ಹಿತ್ತಿಲ ಹುಣಿಸೆ, ಆಲ, ಅರಳಿಗಳ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಎತ್ತಿನ ಗಾಡಿ ಹೋದರೂ, ಮಕ್ಕಳು ಕೂಗಾಡಿದರೂ ಅವು ಕದಲುವುದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರ ಮಾತು.

ಈ ಸಲಿಗೆ ಹಳೆಯದು. ಪಕ್ಷಿಶಾಸ್ತ್ರಜ್ಞ ಜೆರ್ಡನ್ ತನ್ನ 1864ರ ಗ್ರಂಥದಲ್ಲಿ ಕರ್ನಾಟಿಕ್ ಸೀಮೆಯ ಹಳ್ಳಿಯೊಂದರ ನಡುವೆ, ಜನಸಂಚಾರವನ್ನು ಲೆಕ್ಕಿಸದೆ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದನ್ನು ಕಂಡುದಾಗಿ ಬರೆದಿದ್ದಾನೆ. ಅದು ಕೊಕ್ಕರೆಬೆಳ್ಳೂರೇ ಎಂದು ಹೇಳುವವರುಂಟು. ಆದರೆ ಅಂದಿನ ಕರ್ನಾಟಿಕ್ ಎಂದರೆ ಮುಖ್ಯವಾಗಿ ಘಟ್ಟದ ಕೆಳಗಿನ ತಮಿಳು, ತೆಲುಗು ನಾಡು. ಆ ಗೌರವವನ್ನು ನಾವು ಅವಸರದಿಂದ ಕಸಿದುಕೊಳ್ಳಬಾರದು. ನಮ್ಮ ಹಳ್ಳಿ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮೂಲಕ. ಊರವರ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ: ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತು, ಪ್ಲೇಗಿಗೆ ಅಂಜಿ ಜನ ಸ್ಥಳ ಬದಲಿಸಿದಾಗ ಹಕ್ಕಿಗಳೂ ಬೆನ್ನುಹತ್ತಿ ಬಂದವು ಎನ್ನುತ್ತಾರೆ. ನಿಜವಿರಲಿ ಬಿಡಲಿ, ಯಾರು ಯಾರನ್ನು ನೆಚ್ಚಿದ್ದರು ಎಂಬುದು ಈ ಕಥೆಯಲ್ಲಿ ಸ್ಪಷ್ಟವಿದೆ.

ಹಾಗೆಂದು ಇದನ್ನು ಬರೀ ಕರುಣೆಯ ಕಥೆಯಾಗಿ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಮರದಡಿ ಗುಂಡಿ ತೋಡಿ, ಕೆರೆಯ ಗೋಡು ಹರಡಿ, ಬೀಳುವ ಹಿಕ್ಕೆಯನ್ನು ಅದರೊಡನೆ ಗೊಬ್ಬರ ಮಾಡಿ ರೈತರು ಗದ್ದೆಗೆ ಹಾಕುತ್ತಿದ್ದರು. ನಷ್ಟವೂ ಇತ್ತು. ಹುಣಿಸೆ ಬಡಿಯುವ ಕಾಲಕ್ಕೇ ಗೂಡಿನಲ್ಲಿ ಮರಿಗಳಿರುತ್ತವೆ; ಫಸಲು ಕೈಬಿಡಬೇಕು. ದುಡ್ಡಿನ ಅಡಚಣೆ ಬಂದ ವರ್ಷ ಮರವನ್ನೇ ಮಾರುವ ಆಸೆ ಹುಟ್ಟಿದರೆ ತಪ್ಪೆನ್ನುವವರು ಯಾರು? ಅದಕ್ಕೆಂದೇ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರಧನ ಕೊಡತೊಡಗಿತು. ಕಡತಗಳ ನಡುವೆಯೇ ಬದುಕುವ ನನ್ನಂಥವನಿಗೆ ಹಕ್ಕಿಯ ಗೂಡು ಸರಕಾರಿ ಲೆಕ್ಕಪತ್ರದಲ್ಲಿ ಜಾಗ ಪಡೆದದ್ದು ಸಣ್ಣ ಸಂಗತಿಯಲ್ಲ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳು ಕಾರಣವೆಂದು ಪರೀಕ್ಷೆಗಳು ತಿಳಿಸಿದವು. ಮೀನು ಊರಿನದಲ್ಲ, ಸುತ್ತಣ ಕೆರೆಗಳದು. ಹಿತ್ತಿಲಲ್ಲಿ ಎಷ್ಟೇ ಕಾಪಾಡಿದರೂ ಅಲ್ಲಿಯ ನೀರು ಊರವರ ಕೈಯಲ್ಲಿಲ್ಲ. ಊರಿನ ಯುವಕರ ಹೆಜ್ಜಾರ್ಲೆ ಬಳಗ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ: ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಆವರಣವೊಂದರಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುತ್ತದೆ.