ಕರಿ ಬೊಟ್ಟಿನ ಟೀವಿ ಗೇಮು

ನಮ್ಮ ಚೌಳಹಿರಿಯೂರಲ್ಲಿ ಅದಕ್ಕೆ ‘ಟೀವಿ ಗೇಮು’ ಅಂತಷ್ಟೇ ಹೆಸರು. ನಿಂಟೆಂಡೋ ಅನ್ನೋ ಮಾತು ನನ್ನ ಕಿವಿಗೆ ಬಿದ್ದಿದ್ದು ಬಿಇ ಸೇರಿದ ಮೇಲೆ. ನಕಲು ಮಾಡಿದವರು ಎಷ್ಟೋ ಸಲ ಪರದೆ ಮೇಲಿನ ಆ ಹೆಸರನ್ನೂ ಅಳಿಸಿರುತ್ತಿದ್ದರು.

ಅಸಲಿ ಯಂತ್ರ 1983ರ ಜಪಾನಿನ ಫ್ಯಾಮಿಕಾಮ್. ನಕಲಿ ಕ್ಯಾಸೆಟ್ ತಡೆಯುವ ಬೀಗದ ಚಿಪ್ ಅದರಲ್ಲಿರಲಿಲ್ಲ. 1985ರಲ್ಲಿ ಎನ್‌ಇಎಸ್ ಅಂತ ಅಮೆರಿಕಕ್ಕೆ ಹೋಗುವಾಗ ಬೀಗ ಬಂತು, ಕ್ಯಾಸೆಟ್ಟಿನ 60 ಪಿನ್ 72 ಆಯ್ತು. ನಕಲುಗಾರರು ಹಿಡಿದದ್ದು ಬೀಗವಿಲ್ಲದ 60 ಪಿನ್ನಿನದನ್ನೇ. ಮುಂದೆ ಪ್ರೊಸೆಸರ್, ಚಿತ್ರ ಮೂಡಿಸುವ ಚಿಪ್ ಎರಡನ್ನೂ ಒಂದೇ ತುಂಡಿಗೆ ಇಳಿಸಿ, ಮೇಲೊಂದು ಕರಿ ಎಪಾಕ್ಸಿ ಬೊಟ್ಟಿಟ್ಟರು. ಬೆಲೆ ಇಳೀತು, ಹಳ್ಳಿಗೂ ಬಂತು.

ಈಗ ಎಸ್.ಪಿ. ರೋಡಿಂದ ಬಿಡಿಭಾಗ ತಂದು ಇವನ್ನು ಎಬ್ಬಿಸೋ ಹುಚ್ಚು ನನಗೆ. ಬೊಟ್ಟು ಹೋದರೆ ಮುಗೀತು. ಆದ್ರೆ ಸಾಮಾನ್ಯವಾಗಿ ಕೈಕೊಡೋದು ಅದರ ಸುತ್ತಲಿನವು: 7805 ರೆಗ್ಯುಲೇಟರ್, ಬುಡದಲ್ಲಿ ತುಂಡಾದ ವೈರು. ಮೊದಲು 5 ವೋಲ್ಟ್ ಬರ್ತಿದೆಯಾ ನೋಡಿ. ಕ್ಯಾಸೆಟ್ಟಿಗೆ ಊದಬೇಡಿ, ಉಸಿರಿನ ತೇವಕ್ಕೆ ಪಿನ್ ಹಾಳಾಗುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ.

ಕಡೂರಿನ ಟೀವಿ ರಿಪೇರಿ ಅಣ್ಣಂದಿರು ಇದನ್ನೆಲ್ಲ ಸರ್ಕ್ಯೂಟ್ ಚಿತ್ರವೇ ಇಲ್ಲದೆ ಮಾಡ್ತಿದ್ರು. ನಾನು ಓದಿದ ಯಾವ ಗೇಮಿಂಗ್ ಇತಿಹಾಸದಲ್ಲೂ ಅವರ ಬಗ್ಗೆ ಒಂದು ಸಾಲಿಲ್ಲ.

ಬಾತುಕೋಳಿ ಹೊಡೆಯೋ ಗನ್ ಮಾತ್ರ ಯಾರ ರಿಪೇರಿಗೂ ಬಗ್ಗಲ್ಲ. ಟ್ರಿಗರ್ ಒತ್ತಿದಾಗ ಪರದೆ ಕಪ್ಪಾಗಿ, ಗುರಿಯಷ್ಟೇ ಬೆಳ್ಳಗಾಗುತ್ತೆ. ಆ ಬೆಳಕನ್ನು ಗನ್ ಗುರುತಿಸೋದು ಹಳೇ ಡಬ್ಬಾ ಟೀವಿಯಲ್ಲಿ ಮಾತ್ರ. ನಿಮ್ಮೂರ ಅಟ್ಟದಲ್ಲಿ ಅಂಥದ್ದೊಂದಿದ್ದರೆ, ಗುಜರಿಯವನನ್ನು ಕರೆಯೋ ಮುಂಚೆ ನನಗೊಂದು ಮಾತು ಹೇಳಿ.