ಶ್ವಾಸಕೋಶದ ಗಡ್ಡೆಗೆ ಗುರಿಯಿಟ್ಟ ವಿಕಿರಣ: ಫಲವೆಷ್ಟು, ಮಿತಿಯೇನು?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಹಾಗೂ ಕೃಷ್ಣರಾಜನಗರದ ಸೀಮೆ ಹೊಗೆಸೊಪ್ಪಿಗೆ ಹೆಸರಾದದ್ದು. ಇಲ್ಲಿ ಬ್ಯಾರನ್‌ಗಳಲ್ಲಿ ಹದಗೊಂಡ ವರ್ಜೀನಿಯಾ ಎಲೆ ತಂಬಾಕು ಮಂಡಳಿಯ ಹರಾಜಿನ ಮೂಲಕ ಸಿಗರೇಟಿನ ಕಾರ್ಖಾನೆಗಳನ್ನು ಸೇರುತ್ತದೆ. ಹಸಿ ಎಲೆ ಕೊಯ್ಯುವವರಿಗೆ ಬರುವ ವಾಂತಿ, ತಲೆಸುತ್ತು ಚರ್ಮದ ಮೂಲಕ ಒಳಸೇರುವ ನಿಕೋಟಿನ್ನಿನ ಪರಿಣಾಮ. ಅದು ಕ್ಯಾನ್ಸರ್ ಅಲ್ಲ. ಬೀಡಿ, ಸಿಗರೇಟಿನ ಹೊಗೆಯೇ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣ. ಎಂದೂ ಸೇದದವರಿಗೂ ಈ ರೋಗ ಬರುವುದುಂಟು.

ಗಡ್ಡೆ ಚಿಕ್ಕದಿರುವಾಗಲೇ ಪತ್ತೆಯಾದರೆ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆ. ಆದರೆ ದೀರ್ಘಕಾಲ ಹೊಗೆ ಸೇದಿದವರ ಶ್ವಾಸಕೋಶ, ಹೃದಯಗಳು ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯನ್ನು ತಾಳಲಾರವು. ಅಂಥವರಿಗೆ ದೊರೆತಿರುವ ಮಾರ್ಗವೇ ಗುರಿಯಿಟ್ಟ ವಿಕಿರಣ ಚಿಕಿತ್ಸೆ. ವೈದ್ಯರು ಇದನ್ನು ಸ್ಟೀರಿಯೋಟ್ಯಾಕ್ಟಿಕ್ ಬಾಡಿ ರೇಡಿಯೋಥೆರಪಿ, ಸಂಕ್ಷಿಪ್ತವಾಗಿ ಎಸ್‌ಬಿಆರ್‌ಟಿ, ಎನ್ನುತ್ತಾರೆ.

ಏನಿದು ಚಿಕಿತ್ಸೆ?

ಸಾಮಾನ್ಯ ವಿಕಿರಣ ಚಿಕಿತ್ಸೆಯಲ್ಲಿ ದಿನಕ್ಕೆ 2 ಗ್ರೇಯಂತೆ ಸುಮಾರು 6 ವಾರಗಳಲ್ಲಿ 60 ಗ್ರೇ ಪ್ರಮಾಣ ನೀಡುತ್ತಾರೆ. ಎಸ್‌ಬಿಆರ್‌ಟಿಯಲ್ಲಿ ಒಂದೊಂದು ಸಲಕ್ಕೆ 10ರಿಂದ 18 ಗ್ರೇಯಂತೆ ಬಹುತೇಕ 3ರಿಂದ 5 ಸಲದಲ್ಲೇ ಚಿಕಿತ್ಸೆ ಮುಗಿಯುತ್ತದೆ. ಅನೇಕ ದಿಕ್ಕುಗಳಿಂದ ಹಾಯುವ ಕಿರಣಗಳು ಒಂದೊಂದೂ ದುರ್ಬಲ. ಗಡ್ಡೆಯಲ್ಲಿ ಸಂಧಿಸಿದಾಗ ಮಾತ್ರ ಪ್ರಬಲ. ಉಸಿರಾಟದೊಂದಿಗೆ ಗಡ್ಡೆಯೂ ಚಲಿಸುವುದರಿಂದ ಆ ಚಲನೆಯನ್ನು ವಿಶೇಷ ಸಿ.ಟಿ. ಸ್ಕ್ಯಾನ್‌ನಲ್ಲಿ ಅಳೆದು ಗುರಿ ನಿಗದಿಪಡಿಸುತ್ತಾರೆ.

ಶ್ವಾಸಕೋಶದಲ್ಲೇ ಹುಟ್ಟಿದ ಗಡ್ಡೆ

ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ 55 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. 3 ಸಲಕ್ಕೆ ಒಟ್ಟು 54 ಗ್ರೇ ಪಡೆದವರಲ್ಲಿ ಮೂರು ವರ್ಷಗಳ ನಂತರ ಮೂಲ ಗಡ್ಡೆಯ ನಿಯಂತ್ರಣ ಶೇ. 97.6ರಷ್ಟಿತ್ತು. ಆದರೆ ಮೂರು ವರ್ಷ ಬದುಕುಳಿದವರು ಶೇ. 55.8 ಮಾತ್ರ. ಈ ಅಂತರವನ್ನು ಓದುಗರು ಗಮನಿಸಬೇಕು. ಗಡ್ಡೆ ಅಡಗಿದರೂ ಶೇ. 22ರಷ್ಟು ಮಂದಿಯಲ್ಲಿ ರೋಗ ದೂರದ ಅಂಗಗಳಲ್ಲಿ ತಲೆದೋರಿತ್ತು. ಮೊದಲೇ ಇದ್ದ ಹೃದಯ, ಶ್ವಾಸಕೋಶದ ಕಾಯಿಲೆಗಳೂ ಇಂಥ ರೋಗಿಗಳ ಆಯುಷ್ಯವನ್ನು ಕುಗ್ಗಿಸುತ್ತವೆ.

ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್‌ಗಳಲ್ಲಿ 101 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಎರಡೂ ವಿಧಾನಗಳನ್ನು ಹೋಲಿಸಿತು. ಸಾಮಾನ್ಯ ವಿಕಿರಣ ಪಡೆದವರಲ್ಲಿ ಶೇ. 31ರಷ್ಟು ಮಂದಿಗೆ ಅದೇ ಜಾಗದಲ್ಲಿ ರೋಗ ಉಲ್ಬಣಿಸಿದರೆ, ಗುರಿಯಿಟ್ಟ ವಿಕಿರಣ ಪಡೆದವರಲ್ಲಿ ಅದು ಶೇ. 14.

ಬೇರೆಡೆಯಿಂದ ಹರಡಿದ ಗಡ್ಡೆ

ಸ್ತನ, ಕರುಳು ಮುಂತಾದ ಅಂಗಗಳ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗಲೂ, ಗಡ್ಡೆಗಳು ಬೆರಳೆಣಿಕೆಯಷ್ಟಿದ್ದರೆ ಈ ಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ದೇಹದ ವಿವಿಧೆಡೆ 1ರಿಂದ 5 ಗಡ್ಡೆಗಳಿದ್ದ 99 ರೋಗಿಗಳ ಅಧ್ಯಯನದಲ್ಲಿ, ಈ ಚಿಕಿತ್ಸೆಯನ್ನೂ ಪಡೆದವರ ಪೈಕಿ ಐದು ವರ್ಷ ಬದುಕಿದವರು ಶೇ. 42.3, ಪಡೆಯದವರಲ್ಲಿ ಶೇ. 17.7. ಆದರೆ ಚಿಕಿತ್ಸೆ ಪಡೆದ 66 ಮಂದಿಯಲ್ಲಿ ಮೂವರ ಸಾವಿಗೆ ಚಿಕಿತ್ಸೆಯೇ ಕಾರಣವೆಂದು ಪರಿಗಣಿಸಲಾಯಿತು. ಹರಡಿದ ಸ್ತನ ಕ್ಯಾನ್ಸರಿನ ಕುರಿತು 2022ರಲ್ಲಿ ಮಂಡನೆಯಾದ ಮತ್ತೊಂದು ಅಧ್ಯಯನದಲ್ಲಿ ಪ್ರಯೋಜನ ಕಂಡುಬರಲಿಲ್ಲ. ಆದ್ದರಿಂದ ಇದು ಎಲ್ಲರಿಗೂ ಅನ್ವಯಿಸುವ ಮದ್ದಲ್ಲ.

ಅಪಾಯಗಳೇನು?

ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದರೆ ಚಿಕಿತ್ಸೆ ಹೋಲಿಕೆಯಲ್ಲಿ ಹೆಚ್ಚು ಸುರಕ್ಷಿತ. ಮುಖ್ಯ ಶ್ವಾಸನಾಳದ ಸಮೀಪವಿದ್ದರೆ ರಕ್ತಸ್ರಾವದಂಥ ಗಂಭೀರ ತೊಂದರೆ ಹೆಚ್ಚೆಂದು 2006ರಲ್ಲೇ ತಿಳಿದುಬಂತು. ಅಂಥ ಕಡೆ ಪ್ರಮಾಣವನ್ನು ತಗ್ಗಿಸಿ ಹೆಚ್ಚು ಸಲಗಳಿಗೆ ಹಂಚುತ್ತಾರೆ. ವಾರಗಳು ಅಥವಾ ತಿಂಗಳುಗಳ ಬಳಿಕ ಒಣ ಕೆಮ್ಮು, ಉಬ್ಬಸ, ಎದೆಗೋಡೆಯ ನೋವು, ಅಪರೂಪಕ್ಕೆ ಪಕ್ಕೆಲುಬಿನ ಬಿರುಕು ಕಾಣಿಸಬಹುದು.

ವಿಳಂಬವೇ ಶತ್ರು

ಹಳ್ಳಿಯ ರೋಗಿಗೆ 6 ವಾರ ನಗರದಲ್ಲಿ ತಂಗುವ ಬದಲು ಮೂರು ನಾಲ್ಕು ಭೇಟಿಗಳಲ್ಲೇ ಚಿಕಿತ್ಸೆ ಮುಗಿಯುವುದು ದೊಡ್ಡ ಅನುಕೂಲ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಮೈಸೂರಿನಲ್ಲೂ ವಿಕಿರಣ ಚಿಕಿತ್ಸೆಯುಂಟು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಯಾವ ಆಸ್ಪತ್ರೆಯಲ್ಲಿ ಈ ನಿರ್ದಿಷ್ಟ ವಿಧಾನ ಯೋಜನೆಗೆ ಒಳಪಡುತ್ತದೆ ಎಂಬುದನ್ನು ಮುಂಚಿತವಾಗಿ ವಿಚಾರಿಸುವುದು ಲೇಸು.

ಆದರೆ ನಮ್ಮ ದೇಶದಲ್ಲಿ ಬಹುತೇಕ ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತಿಗೆ ಗಡ್ಡೆ ಈ ಚಿಕಿತ್ಸೆಯ ಮಿತಿಯನ್ನು ದಾಟಿರುತ್ತದೆ. ಎಕ್ಸ್-ರೇಯಲ್ಲಿ ಕಂಡ ನೆರಳನ್ನು ಕ್ಷಯವೆಂದೇ ಬಗೆದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರೂ ಉಂಟು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೆ ಅಥವಾ ಮಾತ್ರೆಗೆ ಗುಣ ಕಾಣದಿದ್ದರೆ ಸಿ.ಟಿ. ಸ್ಕ್ಯಾನ್ ಹಾಗೂ ಅಗತ್ಯವಿದ್ದರೆ ಬಯಾಪ್ಸಿ ಬಗ್ಗೆ ವೈದ್ಯರನ್ನು ಕೇಳಬೇಕು. ಕಫದಲ್ಲಿ ರಕ್ತ ಕಂಡರಂತೂ ಒಂದು ದಿನವೂ ಕಾಯಬಾರದು.